ಉರಿಮೂತ್ರದ ಹಿಂದಿನ ಹಿಡಿತ: ಬ್ಯಾಕ್ಟೀರಿಯಾ ಮೂತ್ರಕೋಶಕ್ಕೆ ಅಂಟುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯೂರಿನ್ ಇನ್ಫೆಕ್ಷನ್ ಅಂದ ತಕ್ಷಣ ನಾವೆಲ್ಲ ಕೇಳುವುದು ಯಾವ ಮಾತ್ರೆ, ಎಷ್ಟು ದಿನ ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮೂತ್ರಕೋಶ ಅಂದರೆ ದಿನಕ್ಕೆ ಆರೇಳು ಸಲ ತೊಳೆದುಹೋಗುವ ಜಾಗ. ಅಲ್ಲಿ ಒಂದು ಬ್ಯಾಕ್ಟೀರಿಯಾ ನಿಲ್ಲುವುದಾದರೂ ಹೇಗೆ? ಇದು ಗೊತ್ತಾದರೆ ಸೋಂಕು ಮತ್ತೆ ಮತ್ತೆ ಯಾಕೆ ಬರುತ್ತದೆ, ಯಾವ ಮನೆಮದ್ದು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಸಮಾಧಾನ ಅನ್ನುವುದೂ ತಿಳಿಯುತ್ತದೆ.

ಈ ಸೋಂಕು ತರುವ ಬ್ಯಾಕ್ಟೀರಿಯಾ ಯಾವುದು? ಎಲ್ಲಿಂದ ಬರುತ್ತದೆ?

ನಾಲ್ಕರಲ್ಲಿ ಮೂರು ಸಲ ಇ. ಕೊಲೈ. ಉಳಿದಂತೆ ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಎಂಟರೊಕಾಕಸ್, ಸ್ಟೆಫೈಲೊಕಾಕಸ್ ಸಾಪ್ರೊಫೈಟಿಕಸ್ ಇತ್ಯಾದಿ.

ಇ. ಕೊಲೈ ಹೊರಗಿನವನಲ್ಲ. ನಮ್ಮ ಕರುಳಿನಲ್ಲೇ ಇರುತ್ತದೆ. ಥಿಯೋಡರ್ ಎಶರಿಶ್ ಅನ್ನುವ ಮಕ್ಕಳ ವೈದ್ಯರು 1885ರಲ್ಲಿ ಇದನ್ನು ಮೊದಲು ವಿವರಿಸಿದ್ದು ಎಳೆಮಕ್ಕಳ ಮಲದಿಂದಲೇ. ಕರುಳಿನಲ್ಲಿ ಇದ್ದಷ್ಟು ಕಾಲ ಅದರಿಂದ ತೊಂದರೆ ಇಲ್ಲ. ಗುದದ್ವಾರದ ಸುತ್ತಲಿನ ಚರ್ಮಕ್ಕೆ ಬಂದು, ಅಲ್ಲಿಂದ ಮೂತ್ರನಾಳದ ಬಾಯಿಗೆ, ಅಲ್ಲಿಂದ ಮೇಲಕ್ಕೆ ಹತ್ತಿದಾಗ ಕಥೆ ಬದಲಾಗುತ್ತದೆ.

ಹಾಗಾದರೆ ಪಬ್ಲಿಕ್ ಟಾಯ್ಲೆಟ್‌ನಿಂದ ಬರುತ್ತದೆ ಅನ್ನುವುದು ಸುಳ್ಳಾ?

ಬಹುಮಟ್ಟಿಗೆ ಸುಳ್ಳು. ಟಾಯ್ಲೆಟ್ ಸೀಟಿಗೆ ತಾಗುವುದು ತೊಡೆ, ಮೂತ್ರನಾಳವಲ್ಲ. ನಿಮಗೆ ಸೋಂಕು ತರುವುದು ಸಾಮಾನ್ಯವಾಗಿ ನಿಮ್ಮದೇ ಕರುಳಿನ ಬ್ಯಾಕ್ಟೀರಿಯಾ.

ಆದರೆ ಕೊಳಕು ಟಾಯ್ಲೆಟ್ ಇನ್ನೊಂದು ದಾರಿಯಲ್ಲಿ ತೊಂದರೆ ಕೊಡುತ್ತದೆ. ಬೆಂಗಳೂರಿನಿಂದ ಬೀದರಿಗೆ ರಾತ್ರಿ ಬಸ್ಸು ಹತ್ತುವ ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ, ಬೆಳಗಿನವರೆಗೂ ತಡೆದುಕೊಳ್ಳುತ್ತಾರೆ. ಸರಿಯಾದ ಶೌಚಾಲಯವಿಲ್ಲದ ಶಾಲೆಯ ಹುಡುಗಿಯರದ್ದೂ ಇದೇ ಪಾಡು. ಮೂತ್ರ ಒಳಗೇ ನಿಂತಷ್ಟು ಹೊತ್ತೂ ಬ್ಯಾಕ್ಟೀರಿಯಾಗೆ ಬೆಳೆಯಲು, ಅಂಟಿಕೊಳ್ಳಲು ಬಿಡುವು ಸಿಗುತ್ತದೆ. ನನ್ನ ಪ್ರಕಾರ ಸೀಟಿಗೆ ಸ್ಪ್ರೇ ಹೊಡೆಯುವುದಕ್ಕಿಂತ ಈ ತಡೆದುಕೊಳ್ಳುವ ಅಭ್ಯಾಸದ ಬಗ್ಗೆ ಮಾತಾಡುವುದು ಹೆಚ್ಚು ಉಪಯೋಗ.

ಮೂತ್ರದ ಜೊತೆ ಬ್ಯಾಕ್ಟೀರಿಯಾ ಕೊಚ್ಚಿಹೋಗಬೇಕಲ್ವಾ?

ಬಹಳಷ್ಟು ಸಲ ಹೋಗುತ್ತದೆ. ಅದಕ್ಕೇ ನಮಗೆ ವಾರಕ್ಕೊಂದು ಸೋಂಕು ಬರುವುದಿಲ್ಲ. ಕೊಚ್ಚಿಹೋಗದೆ ಉಳಿಯುವುದು ಹಿಡಿದುಕೊಳ್ಳಲು ಬರುವ ಬ್ಯಾಕ್ಟೀರಿಯಾ ಮಾತ್ರ.

ಇ. ಕೊಲೈ ಸುಮಾರು 2 ಮೈಕ್ರೋಮೀಟರ್ ಉದ್ದ. ಅದರ ಮೈಮೇಲೆ ನೂರಾರು ತೆಳು ಎಳೆಗಳಿರುತ್ತವೆ. ಇವನ್ನು ಪಿಲೈ ಅಥವಾ ಫಿಂಬ್ರಿಯಾ ಅನ್ನುತ್ತಾರೆ. ಇವು ಈಜುವುದಕ್ಕಲ್ಲ, ಈಜುವುದಕ್ಕೆ ಫ್ಲಾಜೆಲ್ಲಾ ಬೇರೆ ಇದೆ. ಪಿಲೈ ಇರುವುದು ಹಿಡಿಯುವುದಕ್ಕೆ. ಎಡಿನ್‌ಬರೋದ ಜೆ. ಪಿ. ಡುಗುಯಿಡ್ ಮತ್ತು ಅವರ ಜೊತೆಯವರು 1955ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇವನ್ನು ನೋಡಿ, ಬ್ಯಾಕ್ಟೀರಿಯಾ ಕೆಂಪು ರಕ್ತಕಣಗಳನ್ನು ಗಂಟುಗಟ್ಟಿಸುವುದಕ್ಕೂ ಈ ಎಳೆಗಳಿಗೂ ನಂಟಿದೆ ಎಂದು ತೋರಿಸಿದರು.

ಮೂತ್ರಕೋಶದ ಸೋಂಕಿನಲ್ಲಿ ಮುಖ್ಯವಾದದ್ದು ಟೈಪ್ 1 ಪಿಲೈ. ಒಂದು ಎಳೆ ಸುಮಾರು 7 ನ್ಯಾನೋಮೀಟರ್ ದಪ್ಪ, ಒಂದೆರಡು ಮೈಕ್ರೋಮೀಟರ್ ಉದ್ದ. ಅಂದರೆ ಕೆಲವು ಎಳೆಗಳು ಬ್ಯಾಕ್ಟೀರಿಯಾದಷ್ಟೇ ಉದ್ದ! ಎಳೆಯ ಬಹುಭಾಗ ಫಿಮ್‌ಎ ಎಂಬ ಒಂದೇ ಪ್ರೋಟೀನಿನ ನೂರಾರು, ಸಾವಿರಾರು ಪ್ರತಿಗಳು ಸುರುಳಿಯಾಗಿ ಜೋಡಿಸಿಕೊಂಡು ಆದದ್ದು. ತುದಿಯಲ್ಲಿ ಮಾತ್ರ ಬೇರೆ ಪ್ರೋಟೀನುಗಳು. ಕಟ್ಟಕಡೆಯಲ್ಲಿ ಒಂದೇ ಒಂದು ಫಿಮ್‌ಹೆಚ್. ಹಿಡಿಯುವ ಕೆಲಸವೆಲ್ಲ ಆ ಒಂದು ಅಣುವಿನದು.

ಎಳೆ ಕಟ್ಟುವ ರೀತಿಯೂ ಸೊಗಸಾಗಿದೆ. ಫಿಮ್‌ಸಿ ಅನ್ನುವ ಪ್ರೋಟೀನು ಒಂದೊಂದೇ ತುಂಡನ್ನು ಜೋಪಾನವಾಗಿ ಹಿಡಿದು ಬ್ಯಾಕ್ಟೀರಿಯಾದ ಹೊರಪೊರೆಯ ಹತ್ತಿರ ತರುತ್ತದೆ. ಅಲ್ಲಿ ಫಿಮ್‌ಡಿ ಎಂಬ ರಂಧ್ರದ ಮೂಲಕ ತುಂಡುಗಳು ಹೊರಗೆ ಬರುತ್ತವೆ. ಮೊದಲು ಹೊರಬರುವುದು ಫಿಮ್‌ಹೆಚ್. ಅದಕ್ಕೇ ಅದು ಯಾವಾಗಲೂ ತುದಿಯಲ್ಲಿರುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಕಾಟ್ ಹಲ್ಟ್‌ಗ್ರೆನ್ ಅವರ ತಂಡ ಈ ಜೋಡಣೆಯನ್ನು ಬಿಡಿಸಿ ನೋಡಲು ದಶಕಗಳನ್ನೇ ಕೊಟ್ಟಿದೆ.

ಫಿಮ್‌ಹೆಚ್ ಹಿಡಿಯುವುದು ಏನನ್ನು?

ಸಕ್ಕರೆಯನ್ನು. ನಾವು ಕಾಫಿಗೆ ಹಾಕುವ ಸಕ್ಕರೆಯಲ್ಲ, ಮ್ಯಾನೋಸ್ ಅನ್ನುವ ಇನ್ನೊಂದು ಬಗೆ.

ಮೂತ್ರಕೋಶದ ಒಳಮೈಯನ್ನು ಅಂಬ್ರೆಲಾ ಸೆಲ್ ಎಂಬ ಅಗಲ ಜೀವಕೋಶಗಳು ಮುಚ್ಚಿರುತ್ತವೆ. ಅವುಗಳ ಮೇಲ್ಮೈಯಲ್ಲಿ ಯೂರೋಪ್ಲಾಕಿನ್ ಪ್ರೋಟೀನುಗಳು ಆರುಕೋನದ ಜೋಡಣೆಯಲ್ಲಿ ಒತ್ತಾಗಿ ಕೂತಿರುತ್ತವೆ. ಮೂತ್ರ ಒಳಗೆ ಇಳಿಯದ ಹಾಗೆ ಅವು ಗೋಡೆಯನ್ನು ಕಾಪಾಡುತ್ತವೆ. ಅವುಗಳಲ್ಲಿ ಒಂದಾದ ಯೂರೋಪ್ಲಾಕಿನ್ 1ಎ ಮೇಲೆ ಮ್ಯಾನೋಸ್ ಇರುವ ಸಕ್ಕರೆ ಸರಪಳಿ ನೇತಾಡುತ್ತಿರುತ್ತದೆ. ಫಿಮ್‌ಹೆಚ್‌ನ ತುದಿಯಲ್ಲಿ ಒಂದು ಮ್ಯಾನೋಸ್ ಸರಿಯಾಗಿ ಕೂರುವಷ್ಟು ಆಳದ ಗುಳಿ ಇದೆ. ಗುಳಿಗೆ ಮ್ಯಾನೋಸ್ ಕೂತರೆ ಹಿಡಿತ ಸಿಕ್ಕಿತು ಅಂತಲೇ ಅರ್ಥ. ಸೋಂಕು ತಡೆಯುವ ಗೋಡೆಯೇ ಹಿಡಿಯುವ ಗೂಟವನ್ನೂ ಒದಗಿಸಿದೆ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಮೈಕ್ರೋಬಯಾಲಜಿ ಲ್ಯಾಬುಗಳಲ್ಲಿ ಮಾಡುವ ಒಂದು ಸಣ್ಣ ಪ್ರಯೋಗ ಇದೆ. ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ನೀರಿನಲ್ಲಿ ಕಲಸಿ ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಇಡುತ್ತಾರೆ. ಯೀಸ್ಟಿನ ಹೊರಗೋಡೆಯಲ್ಲಿ ಮ್ಯಾನೋಸ್ ತುಂಬಿರುತ್ತದೆ. ಪಕ್ಕದಲ್ಲೇ ಟೈಪ್ 1 ಪಿಲೈ ಬೆಳೆಸಿಕೊಂಡ ಇ. ಕೊಲೈಯ ಒಂದು ಹನಿ. ಎರಡನ್ನೂ ಬೆರೆಸಿ ಸ್ಲೈಡನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸಿದರೆ, ಹಾಲಿನಂತೆ ನಯವಾಗಿದ್ದ ಹನಿ ಸ್ವಲ್ಪ ಹೊತ್ತಿನಲ್ಲೇ ಬಿಳಿ ಬಿಳಿ ಚೂರಾಗಿ ಒಡೆಯುತ್ತದೆ. ಮಧ್ಯದ ನೀರು ತಿಳಿಯಾಗುತ್ತದೆ. ಬ್ಯಾಕ್ಟೀರಿಯಾಗಳು ಯೀಸ್ಟ್ ಕಣಗಳನ್ನು ಒಂದಕ್ಕೊಂದು ಹೊಲಿದುಬಿಟ್ಟಿವೆ. ಇನ್ನೊಂದು ಸ್ಲೈಡಿನಲ್ಲಿ ಮೊದಲೇ ಮ್ಯಾನೋಸ್ ದ್ರಾವಣ ಬೆರೆಸಿಟ್ಟರೆ ಏನೂ ಆಗುವುದಿಲ್ಲ, ಹನಿ ನಯವಾಗಿಯೇ ಉಳಿಯುತ್ತದೆ. ಎಲ್ಲ ಗುಳಿಗಳೂ ಬಿಡಿ ಮ್ಯಾನೋಸಿನಿಂದ ಭರ್ತಿ, ಯೀಸ್ಟ್ ಹಿಡಿಯಲು ಜಾಗವೇ ಇಲ್ಲ. ಮುಂದೆ ಡಿ-ಮ್ಯಾನೋಸ್ ಪುಡಿಯ ಮಾತು ಬಂದಾಗ ಈ ಎರಡನೇ ಸ್ಲೈಡು ನೆನಪಿರಲಿ.

ಮೂತ್ರದ ಧಾರೆ ಜೋರಾದರೆ ಹಿಡಿತ ಬಿಡಬೇಕಲ್ವಾ?

ಹಾಗೇ ಅನ್ನಿಸುತ್ತದೆ. ಆಗುವುದು ಉಲ್ಟಾ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವೆಂಡಿ ಥಾಮಸ್, ವಿಯೋಲಾ ವೋಗೆಲ್, ಎವ್ಗೆನಿ ಸೊಕುರೆಂಕೊ ಅವರ ತಂಡ 2002ರಲ್ಲಿ ಇದನ್ನು ಪ್ರಕಟಿಸಿತು. ಹರಿಯುವ ದ್ರವದಲ್ಲಿ ಇ. ಕೊಲೈಯನ್ನು ಬಿಟ್ಟು ನೋಡಿದಾಗ, ಹರಿವು ನಿಧಾನವಿದ್ದಾಗ ಅದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಉರುಳುತ್ತಿತ್ತು. ಹರಿವು ಜೋರಾದ ಕೂಡಲೇ ಗಟ್ಟಿಯಾಗಿ ಕಚ್ಚಿಕೊಂಡಿತು. ನಮ್ಮ ಜೀರುಗುಣಿಕೆ ಎಳೆದಷ್ಟೂ ಬಿಗಿಯಾಗುತ್ತದಲ್ಲ, ಹಾಗೆ.

ಕಾರಣ ಫಿಮ್‌ಹೆಚ್‌ನ ಒಳಗೇ ಇದೆ. ಅದಕ್ಕೆ ಎರಡು ಭಾಗ. ಮುಂದಿನದು ಸಕ್ಕರೆ ಹಿಡಿಯುವ ಭಾಗ, ಹಿಂದಿನದು ಎಳೆಗೆ ಸೇರಿದ ಭಾಗ. ಎರಡೂ ಒಂದಕ್ಕೊಂದು ಒತ್ತಿಕೊಂಡಿದ್ದಾಗ ಮುಂಭಾಗ ಸ್ವಲ್ಪ ತಿರುಚಿಕೊಂಡು ಗುಳಿ ಸಡಿಲವಾಗಿರುತ್ತದೆ. ಎಳೆತ ಬಿದ್ದಾಗ ಎರಡೂ ದೂರ ಸರಿಯುತ್ತವೆ, ಗುಳಿ ಮ್ಯಾನೋಸಿನ ಸುತ್ತ ಮುಚ್ಚಿಕೊಳ್ಳುತ್ತದೆ. ಇದನ್ನು ಕ್ಯಾಚ್ ಬಾಂಡ್ ಅನ್ನುತ್ತಾರೆ.

ಸುರುಳಿಯಾಗಿರುವ ಎಳೆಯೂ ಸುಮ್ಮನಿರುವುದಿಲ್ಲ. ಜೋರಾಗಿ ಎಳೆದಾಗ ಸುರುಳಿ ಬಿಚ್ಚಿಕೊಂಡು ಹಲವು ಪಟ್ಟು ಉದ್ದವಾಗುತ್ತದೆ. ಧಾರೆ ನಿಂತ ಮೇಲೆ ಮತ್ತೆ ಸುತ್ತಿಕೊಳ್ಳುತ್ತದೆ. ಹೊಡೆತವನ್ನು ಸುರುಳಿ ನುಂಗಿಕೊಳ್ಳುವುದರಿಂದ ತುದಿಯ ಹಿಡಿತ ಕಿತ್ತುಹೋಗುವುದಿಲ್ಲ.

ಈ ವಿನ್ಯಾಸದಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಸಡಿಲ ಹಿಡಿತವೇ. ಹರಿವಿಲ್ಲದಾಗ ಸಡಿಲವಾಗಿದ್ದರೆ ಬ್ಯಾಕ್ಟೀರಿಯಾ ಓಡಾಡಬಹುದು, ಹರಡಬಹುದು. ಯಾವಾಗಲೂ ಬಿಗಿಯಾಗಿ ಹಿಡಿದಿದ್ದರೆ ಮೊದಲು ಸಿಕ್ಕ ಮ್ಯಾನೋಸಿಗೇ ಅಂಟಿಕೊಂಡು ಅಲ್ಲೇ ಕೂರಬೇಕಾಗಿತ್ತು.

ಎಲ್ಲ ಇ. ಕೊಲೈಗೂ ಈ ಎಳೆ ಇದೆಯಾ? ಹಾಗಿದ್ದರೆ ಎಲ್ಲವೂ ಯಾಕೆ ಕಾಯಿಲೆ ತರುವುದಿಲ್ಲ?

ಟೈಪ್ 1 ಪಿಲೈಯ ಜೀನುಗಳು ಬಹುತೇಕ ಎಲ್ಲ ಇ. ಕೊಲೈಯಲ್ಲೂ ಇವೆ, ಕರುಳಿನ ಸಾಧು ತಳಿಗಳಲ್ಲೂ. ಆದರೆ ಎಳೆ ಬೆಳೆಸುವ ಸ್ವಿಚ್ ಎಲ್ಲದರಲ್ಲೂ ಯಾವಾಗಲೂ ಆನ್ ಇರುವುದಿಲ್ಲ. ಡಿಎನ್‌ಎಯ ಒಂದು ಸಣ್ಣ ತುಂಡು ಹಿಂದುಮುಂದಾಗಿ ತಿರುಗುತ್ತದೆ. ಒಂದು ದಿಕ್ಕಿಗಿದ್ದರೆ ಎಳೆ ಉಂಟು, ಇನ್ನೊಂದು ದಿಕ್ಕಿಗಿದ್ದರೆ ಇಲ್ಲ. ಒಂದೇ ತಾಯಿಕೋಶದಿಂದ ಹುಟ್ಟಿದ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಎಳೆ ಇರುತ್ತದೆ, ಕೆಲವು ಬೋಳು.

ಮೂತ್ರ ಸೋಂಕು ತರುವ ತಳಿಗಳಿಗೆ ಯೂರೋಪ್ಯಾಥೋಜೆನಿಕ್ ಇ. ಕೊಲೈ ಅನ್ನುತ್ತಾರೆ. ಅವುಗಳಲ್ಲಿ ಬೇರೆ ಬಗೆಯ ಪಿಲೈಗಳು, ಮೂತ್ರದಲ್ಲಿ ವಿರಳವಾದ ಕಬ್ಬಿಣವನ್ನು ಹೆಕ್ಕಿಕೊಳ್ಳುವ ಅಣುಗಳು, ಹಿಮೋಲೈಸಿನ್‌ನಂಥ ವಿಷಗಳು ಬೇರೆ ಬೇರೆ ಮಿಶ್ರಣದಲ್ಲಿ ಇರುತ್ತವೆ.

ಅಂಟಿಕೊಂಡರೆ ಉರಿ ಯಾಕೆ ಬರಬೇಕು?

ಅಂಟುವುದು ಶುರು ಮಾತ್ರ. ಮೂತ್ರಕೋಶ ತುಂಬಿದಾಗ ಹಿಗ್ಗಬೇಕು, ಖಾಲಿಯಾದಾಗ ಕುಗ್ಗಬೇಕು. ಅದಕ್ಕೆ ಅಂಬ್ರೆಲಾ ಕೋಶಗಳು ತಮ್ಮ ಪೊರೆಯ ಭಾಗವನ್ನು ಸಣ್ಣ ಚೀಲಗಳಾಗಿ ಒಳಗೆ ಎಳೆದುಕೊಳ್ಳುತ್ತವೆ, ಬೇಕಾದಾಗ ಹೊರಗೆ ಹಾಕುತ್ತವೆ. ಪೊರೆಗೆ ಅಂಟಿದ ಬ್ಯಾಕ್ಟೀರಿಯಾ ಆ ಚೀಲದ ಜೊತೆ ಒಳಗೆ ಹೋಗಿಬಿಡುತ್ತದೆ. ಕೋಶ ಅದನ್ನು ಮತ್ತೆ ಉಗಿಯಲು ನೋಡುತ್ತದೆ, ಎಷ್ಟೋ ಸಲ ಗೆಲ್ಲುತ್ತದೆ. ಚೀಲ ಹರಿದು ಹೊರಬಂದ ಬ್ಯಾಕ್ಟೀರಿಯಾ ಮಾತ್ರ ಕೋಶದೊಳಗೆ ಬೆಳೆಯಲು ಶುರುಮಾಡುತ್ತದೆ.

ಅಷ್ಟರಲ್ಲಿ ದೇಹಕ್ಕೆ ಸುಳಿವು ಸಿಕ್ಕಿರುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯ ಅಂಶವನ್ನು ಗುರುತಿಸಿ ಕೋಶಗಳು ರಾಸಾಯನಿಕ ಕರೆ ಕಳಿಸುತ್ತವೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಯೂರಿನ್ ರಿಪೋರ್ಟಿನಲ್ಲಿ "ಪಸ್ ಸೆಲ್ಸ್" ಅಂತ ಬರೆಯುವುದು ಇವುಗಳನ್ನೇ. ಉರಿ, ಪದೇ ಪದೇ ಹೋಗಬೇಕೆನ್ನಿಸುವುದು, ಕಿಬ್ಬೊಟ್ಟೆ ನೋವು ಎಲ್ಲವೂ ಬಹುಪಾಲು ಈ ಉರಿಯೂತದ ಫಲ.

ಜೊತೆಗೆ ಸೋಂಕಾದ ಕೋಶಗಳು ತಾವೇ ಕಳಚಿಕೊಂಡು ಮೂತ್ರದಲ್ಲಿ ಹೊರಗೆ ಹೋಗುತ್ತವೆ. ಹಲ್ಟ್‌ಗ್ರೆನ್ ತಂಡ 1998ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು. ಒಳ್ಳೆಯ ಉಪಾಯವೇ, ಸಾವಿರಾರು ಬ್ಯಾಕ್ಟೀರಿಯಾ ಒಟ್ಟಿಗೆ ಹೊರಗೆ ಬೀಳುತ್ತವೆ. ಆದರೆ ಮೇಲಿನ ಪದರ ಹೋದಾಗ ಕೆಳಗಿನ ಇನ್ನೂ ಬಲಿಯದ ಕೋಶಗಳು ಬ್ಯಾಕ್ಟೀರಿಯಾಗೆ ತೆರೆದುಕೊಳ್ಳುತ್ತವೆ.

ಮಾತ್ರೆ ಮುಗಿಸಿ ವಾಸಿಯಾಗಿತ್ತು. ತಿಂಗಳಲ್ಲೇ ಮತ್ತೆ ಬಂತು. ಯಾಕೆ?

ಸೋಂಕು ಬಂದ ಹೆಂಗಸರಲ್ಲಿ ಸುಮಾರು ಕಾಲು ಭಾಗ ಜನರಿಗೆ ಆರು ತಿಂಗಳೊಳಗೆ ಮತ್ತೆ ಬರುತ್ತದೆ. ಎರಡು ದಾರಿಗಳಿವೆ. ಒಂದು, ಕರುಳಿನಿಂದ ಹೊಸದಾಗಿ ಹತ್ತಿಬರುವುದು. ಇನ್ನೊಂದು, ಮೂತ್ರಕೋಶದ ಗೋಡೆಯಲ್ಲೇ ಅಡಗಿದ್ದದ್ದು ಎದ್ದುಬರುವುದು.

ಎರಡನೆಯದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. 2003ರಲ್ಲಿ ಇಲಿಗಳ ಮೂತ್ರಕೋಶದಲ್ಲಿ ಒಂದೊಂದು ಅಂಬ್ರೆಲಾ ಕೋಶದೊಳಗೆ ಸಾವಿರಗಟ್ಟಲೆ ಬ್ಯಾಕ್ಟೀರಿಯಾ ಒತ್ತಾಗಿ ತುಂಬಿಕೊಂಡು, ಕೋಶದ ಮೈಯೇ ಉಬ್ಬಿನಿಂತಿದ್ದನ್ನು ನೋಡಿದರು. ಮನುಷ್ಯರಲ್ಲೂ ಹೀಗಿದೆಯಾ ಎಂದು 2007ರಲ್ಲಿ ಸೋಂಕಿದ್ದ 80 ಹೆಂಗಸರ ಮೂತ್ರ ಪರೀಕ್ಷಿಸಿದಾಗ 14 ಮಂದಿಯಲ್ಲಿ ಇಂಥ ಕೋಶಗಳು ಕಳಚಿ ಬಂದಿದ್ದವು. ಆಳದ ಪದರದ ಕೋಶಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಸುಮ್ನೆ ಮಲಗಿಯೂ ಇರಬಲ್ಲದು, ಇಲಿಗಳಲ್ಲಿ ವಾರಗಟ್ಟಲೆ. ಎಷ್ಟೋ ಆಂಟಿಬಯೋಟಿಕ್ಕುಗಳು ಕೋಶದೊಳಗೆ ಸರಿಯಾಗಿ ಇಳಿಯುವುದಿಲ್ಲ, ಬೆಳೆಯದೆ ಮಲಗಿದ ಬ್ಯಾಕ್ಟೀರಿಯಾ ಮೇಲೆ ಕೆಲಸವೂ ಕಡಿಮೆ.

ಹಾಗಾಗಿ ಮತ್ತೆ ಬಂದರೆ "ನಾನು ಸ್ವಚ್ಛತೆ ಪಾಲಿಸಲಿಲ್ಲ" ಅಂತ ತನ್ನನ್ನೇ ಬೈದುಕೊಳ್ಳಬೇಕಾಗಿಲ್ಲ. ಮನೆಯವರು ಬೈಯುವುದಂತೂ ಬೇಡವೇ ಬೇಡ.

ಕಿಡ್ನಿಗೆ ಹೇಗೆ ಹತ್ತುತ್ತದೆ?

ಮೂತ್ರಕೋಶದಿಂದ ಮೂತ್ರವಾಹಿನಿಯ ಮೂಲಕ, ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಇಳಿಸುವ ಕೊಳವೆಯ ಮೂಲಕ. ಅಲ್ಲಿ ಹಿಡಿಯುವ ಸಕ್ಕರೆ ಬೇರೆ, ಎಳೆಯೂ ಬೇರೆ. ಪಿ ಪಿಲೈ ಎಂಬ ಇನ್ನೊಂದು ಬಗೆಯ ಎಳೆಯ ತುದಿಯಲ್ಲಿ ಪ್ಯಾಪ್‌ಜಿ ಎಂಬ ಪ್ರೋಟೀನ್ ಇರುತ್ತದೆ. ಅದು ಕಿಡ್ನಿಯ ಕೋಶಗಳ ಮೇಲಿನ ಎರಡು ಗ್ಯಾಲಕ್ಟೋಸ್ ಜೋಡಿಸಿದ ಸಕ್ಕರೆಯನ್ನು ಹಿಡಿಯುತ್ತದೆ. ಇದೇ ಸಕ್ಕರೆ ಕೆಂಪು ರಕ್ತಕಣಗಳ ಮೇಲೆ ಪಿ ಗುಂಪಿನ ರಕ್ತದ ಗುರುತಾಗಿಯೂ ಇದೆ. ಎ, ಬಿ, ಓ ಅಲ್ಲದೆ ಇನ್ನೂ ಎಷ್ಟೋ ರಕ್ತದ ಗುಂಪುಗಳಿವೆ, ಅದರಲ್ಲಿ ಇದೊಂದು. 1980ರ ಆಸುಪಾಸಿನಲ್ಲಿ ಸ್ವೀಡನ್ನಿನ ಸಂಶೋಧಕರು ಈ ನಂಟನ್ನು ಬಿಡಿಸಿದರು. ಕಿಡ್ನಿ ಸೋಂಕಿನ ರೋಗಿಗಳಿಂದ ತೆಗೆದ ಇ. ಕೊಲೈಗಳಲ್ಲಿ ಪಿ ಪಿಲೈ ಇರುವುದು ಮೂತ್ರಕೋಶದ ಸೋಂಕಿಗಿಂತ ತುಂಬಾ ಜಾಸ್ತಿ.

ದೇಹದ ಕಡೆಯಿಂದ ಏನೂ ತಡೆ ಇಲ್ಲವಾ?

ಇದೆ, ಮತ್ತು ಅದು ಇದೇ ಸಕ್ಕರೆಯ ಆಟ. ಆರೋಗ್ಯವಂತರ ಮೂತ್ರದಲ್ಲಿ ಅತಿ ಹೆಚ್ಚು ಇರುವ ಪ್ರೋಟೀನ್ ಯೂರೋಮಾಡ್ಯುಲಿನ್. 1950ರಲ್ಲಿ ಇಗೋರ್ ಟಾಮ್ ಮತ್ತು ಫ್ರಾಂಕ್ ಹಾರ್ಸ್‌ಫಾಲ್ ಇದನ್ನು ವಿವರಿಸಿದ್ದರಿಂದ ಟಾಮ್-ಹಾರ್ಸ್‌ಫಾಲ್ ಪ್ರೋಟೀನ್ ಅಂತಲೂ ಕರೆಯುತ್ತಾರೆ. ಕಿಡ್ನಿಯೇ ಇದನ್ನು ಮಾಡಿ ಮೂತ್ರಕ್ಕೆ ಬಿಡುತ್ತದೆ. ಇದು ಉದ್ದುದ್ದ ತಂತುಗಳಾಗಿ ಜೋಡಿಸಿಕೊಳ್ಳುತ್ತದೆ. ತಂತುವಿನ ಉದ್ದಕ್ಕೂ ಮ್ಯಾನೋಸ್ ಇರುವ ಸಕ್ಕರೆಗಳು. ಫಿಮ್‌ಹೆಚ್ ಗೋಡೆಯನ್ನು ಹಿಡಿಯುವ ಬದಲು ತೇಲುವ ಈ ತಂತುವನ್ನು ಹಿಡಿದುಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳು ಅದರಲ್ಲಿ ಸಿಕ್ಕಿಕೊಂಡು ಗಂಟಾಗಿ ಹೊರಗೆ ಹೋಗುತ್ತವೆ. 2020ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು ಈ ತಂತುಗಳು ಇ. ಕೊಲೈಯ ಪಿಲೈಗೆ ಸುತ್ತಿಕೊಂಡಿರುವ ಚಿತ್ರಗಳನ್ನೇ ತೆಗೆದರು. ನಮಗೆ ಗೊತ್ತೇ ಆಗದ ಹಾಗೆ ಎಷ್ಟು ಸೋಂಕುಗಳು ಹೀಗೆ ತಪ್ಪುತ್ತವೋ!

ಹೆಂಗಸರಿಗೇ ಯಾಕೆ ಜಾಸ್ತಿ?

ಮೂತ್ರನಾಳ ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ 20ರ ಹತ್ತಿರ. ಬ್ಯಾಕ್ಟೀರಿಯಾ ಹತ್ತಬೇಕಾದ ದಾರಿ ಅಷ್ಟು ಚಿಕ್ಕದು. ಗುದದ್ವಾರವೂ ಹತ್ತಿರ. ಲೈಂಗಿಕ ಸಂಪರ್ಕದಲ್ಲಿ ಬ್ಯಾಕ್ಟೀರಿಯಾ ಒಳಕ್ಕೆ ತಳ್ಳಲ್ಪಡುತ್ತದೆ. ಹೊಸದಾಗಿ ಮದುವೆಯಾದವರಿಗೆ ಇದು ಬರುವುದು ಮಾಮೂಲು, ನಾಚಿಕೆಪಡುವಂಥದ್ದೇನಿಲ್ಲ, ಯಾರ "ಕೆಟ್ಟ ಚಾಳಿ"ಯೂ ಅಲ್ಲ.

ಮುಟ್ಟು ನಿಂತ ಮೇಲೆ ಇನ್ನೊಂದು ಕಾರಣ ಸೇರುತ್ತದೆ. ಈಸ್ಟ್ರೋಜನ್ ಕಡಿಮೆಯಾದಂತೆ ಯೋನಿಯಲ್ಲಿರುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಆಮ್ಲೀಯತೆ ಹೋಗುತ್ತದೆ, ಇ. ಕೊಲೈ ಅಲ್ಲಿ ಬೀಡುಬಿಡುತ್ತದೆ. ಈ ವಯಸ್ಸಿನವರಿಗೆ ಪದೇ ಪದೇ ಬರುತ್ತಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ವೈದ್ಯರನ್ನು ಬಾಯಿಬಿಟ್ಟು ಕೇಳಿ. ನಮ್ಮಲ್ಲಿ ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಕಲ್ಚರ್ ರಿಪೋರ್ಟಿನಲ್ಲಿ ಒಂದು ಲಕ್ಷ ಅಂತ ಇದೆ. ಏನದು?

ಒಂದು ಮಿಲಿಲೀಟರ್ ಮೂತ್ರದಲ್ಲಿ ಬೆಳೆಯಬಲ್ಲ ಬ್ಯಾಕ್ಟೀರಿಯಾಗಳ ಲೆಕ್ಕ. ಲ್ಯಾಬಿನಲ್ಲಿ ಸಣ್ಣ ತಂತಿಯ ಬಳೆಯೊಂದನ್ನು ಮೂತ್ರದಲ್ಲಿ ಅದ್ದುತ್ತಾರೆ. ಅದು ಸರಿಯಾಗಿ ಮಿಲಿಲೀಟರಿನ ಸಾವಿರದಲ್ಲೊಂದು ಭಾಗ ಎತ್ತಿಕೊಳ್ಳುತ್ತದೆ. ಅದನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಗೀಚಿ ಒಂದು ರಾತ್ರಿ 37 ಡಿಗ್ರಿಯಲ್ಲಿ ಇಡುತ್ತಾರೆ. ಬೆಳಿಗ್ಗೆ 100 ಕಾಲೊನಿ ಎದ್ದಿದ್ದರೆ ಲೆಕ್ಕ ಒಂದು ಲಕ್ಷ. ಮ್ಯಾಕಾಂಕಿ ಎಂಬ ಬಗೆಯ ತಟ್ಟೆಯಲ್ಲಿ ಇ. ಕೊಲೈ ಗುಲಾಬಿ ಬಣ್ಣಕ್ಕೆ ಬೆಳೆಯುತ್ತದೆ. ಈ ಒಂದು ಲಕ್ಷದ ಗೆರೆಯನ್ನು 1950ರ ದಶಕದಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಕ್ಯಾಸ್ ಎಳೆದರು. ಲಕ್ಷಣಗಳಿದ್ದರೆ ಅದಕ್ಕಿಂತ ಕಡಿಮೆ ಇದ್ದರೂ ಸೋಂಕಿರಬಹುದು. ಮಾದರಿ ಕೊಡುವಾಗ ಮೊದಲ ಧಾರೆ ಬಿಟ್ಟು ಮಧ್ಯದ್ದನ್ನು ಹಿಡಿಯಿರಿ, ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಕೊಡಿ.

ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಇದೆ, ನನಗೆ ಏನೂ ತೊಂದರೆ ಇಲ್ಲ. ಮಾತ್ರೆ ಬೇಕಾ?

ಸಾಮಾನ್ಯವಾಗಿ ಬೇಡ. ಗರ್ಭಿಣಿಯರಿಗೆ ಮತ್ತು ಮೂತ್ರಾಂಗದ ಕೆಲವು ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ಬೇಕು.

ಈ ವಿಷಯದಲ್ಲಿ ಸ್ವೀಡನ್ನಿನ ಒಂದು ತಳಿ ಪ್ರಸಿದ್ಧ. ಒಬ್ಬ ಶಾಲಾ ಹುಡುಗಿಯ ಮೂತ್ರಕೋಶದಲ್ಲಿ ಮೂರು ವರ್ಷ ಯಾವ ಲಕ್ಷಣವೂ ಇಲ್ಲದೆ ಇದ್ದ ಇ. ಕೊಲೈ ಅದು. ಹೆಸರು 83972. ಅದರ ಜೀನುಗಳನ್ನು ನೋಡಿದರೆ ಟೈಪ್ 1 ಮತ್ತು ಪಿ ಪಿಲೈ ಎರಡೂ ಕೆಟ್ಟುಹೋಗಿವೆ. ಎಳೆ ಇಲ್ಲ, ಗೋಡೆಯ ಮೇಲೆ ದಾಳಿ ಇಲ್ಲ. ಮೂತ್ರದಲ್ಲಿ ವೇಗವಾಗಿ ಬೆಳೆದು ಜಾಗ ಉಳಿಸಿಕೊಂಡಿದೆ ಅಷ್ಟೇ. ಇದನ್ನೇ ಬೇಕೆಂದು ಮೂತ್ರಕೋಶಕ್ಕೆ ಬಿಟ್ಟು, ಪದೇ ಪದೇ ಸೋಂಕು ಬರುವವರಲ್ಲಿ ಕೆಟ್ಟ ತಳಿಗಳನ್ನು ದೂರ ಇಡುವ ಪ್ರಯೋಗಗಳೂ ನಡೆದಿವೆ. ಲಕ್ಷಣವಿಲ್ಲದವರಿಗೆ ಆಂಟಿಬಯೋಟಿಕ್ ಕೊಟ್ಟರೆ ಇಂಥ ಸಾಧು ಬಾಡಿಗೆದಾರನನ್ನು ಓಡಿಸಿದಂತೆಯೂ ಆಗಬಹುದು.

ನೀರು ಜಾಸ್ತಿ ಕುಡಿದರೆ ನಿಜಕ್ಕೂ ಪ್ರಯೋಜನ ಇದೆಯಾ? ಧಾರೆ ಜೋರಾದರೆ ಹಿಡಿತ ಬಿಗಿ ಅಂದಿರಲ್ಲ?

ಒಳ್ಳೆಯ ಪ್ರಶ್ನೆ. ಈಗಾಗಲೇ ಹಿಡಿದುಕೊಂಡದ್ದನ್ನು ನೀರು ಕಿತ್ತುಹಾಕುವುದಿಲ್ಲ. ಇನ್ನೂ ತೇಲುತ್ತಿರುವುದನ್ನು ಹೊರಹಾಕುತ್ತದೆ, ಬೆಳೆಯಲು ಸಿಗುವ ಸಮಯವನ್ನು ಕಡಿಮೆ ಮಾಡುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ, ಪದೇ ಪದೇ ಸೋಂಕು ಬರುತ್ತಿದ್ದ 140 ಹೆಂಗಸರಿದ್ದರು. ಅರ್ಧ ಜನಕ್ಕೆ ದಿನಕ್ಕೆ ಇನ್ನೂ 1.5 ಲೀಟರ್ ನೀರು ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂದರೆ ಉಳಿದವರಿಗೆ 3.2 ಸಲ. ಖರ್ಚಿಲ್ಲದ ಉಪಾಯಕ್ಕೆ ಇದು ಸಣ್ಣ ಫಲವಲ್ಲ. ಆದರೆ ಮೊದಲೇ ಮೂರು ಲೀಟರ್ ಕುಡಿಯುವವರಿಗೆ ಇದು ಅನ್ವಯಿಸುವುದಿಲ್ಲ. ಹೃದಯ, ಕಿಡ್ನಿ ತೊಂದರೆ ಇರುವವರು ಕೇಳಿಯೇ ಕುಡಿಯಬೇಕು.

ಮೈ ಉಷ್ಣವಾಗಿ ಉರಿಮೂತ್ರ ಬರುತ್ತದೆ ಅಂತಾರೆ. ಬಾರ್ಲಿ ನೀರು, ಎಳನೀರು, ಸಿರಪ್ಪು?

ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದಾಗ ಸೋಂಕಿಲ್ಲದೆಯೂ ಉರಿಯಬಹುದು. ಬಾರ್ಲಿ ನೀರು ಕುಡಿದು ಸಂಜೆಗೆ ಸರಿಹೋಯಿತು ಅಂದರೆ ಬಹುಶಃ ಅದೇ ಆಗಿರುತ್ತದೆ. ಬಾರ್ಲಿ, ಎಳನೀರು, ಕೊತ್ತಂಬರಿ ಬೀಜದ ನೀರು ಎಲ್ಲವೂ ನೀರಾಗಿ ಕೆಲಸ ಮಾಡುತ್ತವೆ. ಕುಡಿಯಿರಿ, ತೊಂದರೆ ಇಲ್ಲ.

ಮೆಡಿಕಲ್ ಶಾಪಿನಲ್ಲಿ ಕೊಡುವ ಆಲ್ಕಲೈಸರ್ ಸಿರಪ್ ಮೂತ್ರದ ಹುಳಿ ಕಡಿಮೆ ಮಾಡುತ್ತದೆ. ಬ್ಯಾಕ್ಟೀರಿಯಾದ ಹಿಡಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಎಚ್ಚರ: ನೈಟ್ರೊಫ್ಯುರಾಂಟೋಯಿನ್ ಎಂಬ ಮಾತ್ರೆ ಹುಳಿ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಜೊತೆ ಈ ಸಿರಪ್ ಕುಡಿದರೆ ಮಾತ್ರೆಯ ಬಲವೇ ಕುಂದುತ್ತದೆ.

ಡಿ-ಮ್ಯಾನೋಸ್ ಪುಡಿ, ಕ್ರ್ಯಾನ್‌ಬೆರಿ ತಗೊಳ್ಳಬಹುದಾ?

ಸ್ಲೈಡಿನ ಮೇಲೆ ಮ್ಯಾನೋಸ್ ಕೆಲಸ ಮಾಡಿದ್ದು ನೋಡಿದಿರಲ್ಲ. ಕುಡಿದರೂ ಹಾಗೇ ಆಗಬೇಕು ಅನ್ನುವ ಆಸೆಯಿಂದ ಈ ಪುಡಿ ಆನ್‌ಲೈನ್‌ನಲ್ಲಿ ಜೋರಾಗಿ ಮಾರಾಟವಾಗುತ್ತದೆ. 2024ರಲ್ಲಿ ಬ್ರಿಟನ್ನಿನಿಂದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂತು. ಪದೇ ಪದೇ ಸೋಂಕು ಬರುವ 598 ಹೆಂಗಸರು, ಆರು ತಿಂಗಳು, ಅರ್ಧ ಜನಕ್ಕೆ ದಿನಕ್ಕೆ 2 ಗ್ರಾಂ ಡಿ-ಮ್ಯಾನೋಸ್, ಉಳಿದವರಿಗೆ ನೋಡಲು ಹಾಗೇ ಇರುವ ಬೇರೆ ಸಕ್ಕರೆ. ಮತ್ತೆ ಸೋಂಕಿನ ಲಕ್ಷಣದಿಂದ ವೈದ್ಯರ ಬಳಿ ಬಂದವರು ಮ್ಯಾನೋಸ್ ಗುಂಪಿನಲ್ಲಿ ನೂರಕ್ಕೆ 51, ಇನ್ನೊಂದರಲ್ಲಿ ನೂರಕ್ಕೆ ಸುಮಾರು 56. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ನಾನಂತೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ.

ತತ್ವ ತಪ್ಪೆಂದಲ್ಲ. ಬಿಡಿ ಮ್ಯಾನೋಸನ್ನು ಫಿಮ್‌ಹೆಚ್ ಹಿಡಿಯುವುದು ಬಲಹೀನವಾಗಿ. ಆ ಗುಳಿಗೆ ಹೇಳಿಮಾಡಿಸಿದ, ನೂರಾರು ಪಟ್ಟು ಗಟ್ಟಿಯಾಗಿ ಕೂರುವ ಮ್ಯಾನೋಸೈಡ್ ಎಂಬ ಅಣುಗಳನ್ನು ಲ್ಯಾಬುಗಳಲ್ಲಿ ತಯಾರಿಸಿದ್ದಾರೆ. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿವೆ.

ಕ್ರ್ಯಾನ್‌ಬೆರಿಯ ಕಥೆ ಸ್ವಲ್ಪ ಮೇಲು. ಅದರ ಪ್ರೋಆಂಥೋಸಯನಿಡಿನ್ ಎಂಬ ಅಂಶ ಪಿ ಪಿಲೈಯ ಹಿಡಿತಕ್ಕೆ ಅಡ್ಡಬರುತ್ತದೆ. 50 ಅಧ್ಯಯನಗಳನ್ನು ಒಟ್ಟುಮಾಡಿದ ಕಾಕ್ರೇನ್ ಎಂಬ ಸಂಸ್ಥೆಯ 2023ರ ಪರಿಶೀಲನೆ ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅಪಾಯ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದಿತು. ಗರ್ಭಿಣಿಯರಲ್ಲಿ, ವೃದ್ಧಾಶ್ರಮದ ಹಿರಿಯರಲ್ಲಿ ಪ್ರಯೋಜನ ಕಾಣಲಿಲ್ಲ. ಇದು ಬರದಂತೆ ತಡೆಯಲು ಮಾತ್ರ, ಬಂದದ್ದನ್ನು ವಾಸಿಮಾಡಲು ಅಲ್ಲ. ಅಂಗಡಿಯ ಜ್ಯೂಸಿನಲ್ಲಿ ಸಕ್ಕರೆಯೇ ಜಾಸ್ತಿ, ಶುಗರ್ ಇರುವವರು ನೋಡಿಕೊಳ್ಳಿ.

ಆಂಟಿಬಯೋಟಿಕ್ ಈ ಹಿಡಿತವನ್ನು ಬಿಡಿಸುತ್ತದಾ?

ಇಲ್ಲ, ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಥವಾ ಬೆಳೆಯದಂತೆ ಮಾಡುತ್ತದೆ. ಮೂತ್ರಕೋಶದ ಸಾಮಾನ್ಯ ಸೋಂಕಿಗೆ ಈಗ ಮೊದಲ ಆಯ್ಕೆ ಐದು ದಿನದ ನೈಟ್ರೊಫ್ಯುರಾಂಟೋಯಿನ್ ಅಥವಾ ಒಂದೇ ಸಲದ 3 ಗ್ರಾಂ ಫಾಸ್ಫೋಮೈಸಿನ್. ನೈಟ್ರೊಫ್ಯುರಾಂಟೋಯಿನ್ ಕಿಡ್ನಿಯ ಅಂಗಾಂಶದಲ್ಲಿ ಸಾಕಷ್ಟು ಸೇರುವುದಿಲ್ಲ, ಹಾಗಾಗಿ ಕಿಡ್ನಿ ಸೋಂಕಿಗೆ ಅದು ನಡೆಯುವುದಿಲ್ಲ.

ನಮ್ಮಲ್ಲಿ ಇನ್ನೂ ಮೆಡಿಕಲ್ ಶಾಪಿಗೆ ಹೋಗಿ "ಉರಿಮೂತ್ರಕ್ಕೆ ಒಂದು ಮಾತ್ರೆ ಕೊಡಿ" ಅಂದರೆ ಸಿಪ್ರೊಫ್ಲಾಕ್ಸಸಿನ್ ಅಥವಾ ನಾರ್‌ಫ್ಲಾಕ್ಸಸಿನ್ ಕೈಗೆ ಬರುತ್ತದೆ. ಭಾರತದ ಇ. ಕೊಲೈಗಳಲ್ಲಿ ಇವುಗಳಿಗೆ ಬಗ್ಗದ ತಳಿಗಳು ವಿಪರೀತ. ಎರಡು ಮಾತ್ರೆ ನುಂಗಿ ಉರಿ ಕಡಿಮೆಯಾದ ಕೂಡಲೇ ಬಿಡುವುದಂತೂ ಬೇಡ.

ಕ್ಯಾಥೆಟರ್ ಹಾಕಿದವರಿಗೆ ಸೋಂಕು ಯಾಕೆ ಬೇಗ?

ಮೂತ್ರ ಹೊರಗೆ ಹರಿಸಲು ಮೂತ್ರಕೋಶಕ್ಕೆ ಹಾಕುವ ಟ್ಯೂಬೇ ಕ್ಯಾಥೆಟರ್. ಅದು ಉಜ್ಜಿದಾಗ ಮೂತ್ರಕೋಶದಲ್ಲಿ ಸಣ್ಣ ಗಾಯವಾಗುತ್ತದೆ. ರಕ್ತದ ಫೈಬ್ರಿನೋಜನ್ ಬಂದು ಟ್ಯೂಬಿನ ಮೇಲೆ ಲೇಪನವಾಗಿ ಕೂರುತ್ತದೆ. ಎಂಟರೊಕಾಕಸ್ ತನ್ನ ಪಿಲೈಯಿಂದ ಅದನ್ನು ಹಿಡಿಯುತ್ತದೆ. ಇಲ್ಲಿ ಹಿಡಿಯುವ ವಸ್ತುವನ್ನು ನಾವೇ ತಂದಿಟ್ಟಂತೆ. ಪ್ರೋಟಿಯಸ್ ಬಂದರೆ ಯೂರಿಯೇಸ್ ಎಂಬ ಕಿಣ್ವದಿಂದ ಮೂತ್ರವನ್ನು ಕ್ಷಾರೀಯ ಮಾಡುತ್ತದೆ, ಹರಳು ಕಟ್ಟಿ ಟ್ಯೂಬೇ ಮುಚ್ಚಿಹೋಗುತ್ತದೆ. ಬೇಡದ ದಿನವೇ ಕ್ಯಾಥೆಟರ್ ತೆಗೆಸುವುದು ಎಲ್ಲಕ್ಕಿಂತ ದೊಡ್ಡ ತಡೆ. ಆಸ್ಪತ್ರೆಯಲ್ಲಿ "ಇನ್ನೂ ಬೇಕಾ ಇದು?" ಅಂತ ದಿನಾ ಕೇಳಿ.

ಲಸಿಕೆ ಬರುತ್ತದಾ?

ಫಿಮ್‌ಹೆಚ್ ವಿರುದ್ಧ ಲಸಿಕೆಯ ಪ್ರಯತ್ನ ಎರಡು ದಶಕಕ್ಕೂ ಮೀರಿದ್ದು, ಮನುಷ್ಯರಲ್ಲಿ ಮೊದಲ ಹಂತದ ಪರೀಕ್ಷೆಯೂ ಆಗಿದೆ. ಇನ್ನೊಂದು ಕಡೆ ಬ್ಯಾಕ್ಟೀರಿಯಾದ ಹೊರಪೊರೆಯ ಸಕ್ಕರೆಯನ್ನು ಗುರಿಯಾಗಿಟ್ಟ ದೊಡ್ಡ ಲಸಿಕೆ ಪರೀಕ್ಷೆಯೊಂದು 60 ದಾಟಿದವರಲ್ಲಿ ನಡೆಯುತ್ತಿತ್ತು. ಪರಿಣಾಮ ಸಾಲದೆಂದು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ನಾಲಿಗೆಯಡಿ ಸಿಂಪಡಿಸುವ, ಸತ್ತ ಬ್ಯಾಕ್ಟೀರಿಯಾಗಳ ಎಂವಿ140 ಎಂಬ ಲಸಿಕೆ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಯಾವಾಗ ಕಾಯದೆ ವೈದ್ಯರ ಬಳಿ ಹೋಗಬೇಕು?

ಚಳಿ ಜ್ವರ, ಸೊಂಟದ ಮೇಲೆ ಒಂದು ಬದಿಯಲ್ಲಿ ನೋವು, ವಾಂತಿ ಇದ್ದರೆ ಅದೇ ದಿನ. ಇವು ಕಿಡ್ನಿಗೆ ಹತ್ತಿದ ಸೂಚನೆ. ಮೂತ್ರದಲ್ಲಿ ರಕ್ತ ಕಂಡರೆ, ಗರ್ಭಿಣಿಯಾಗಿದ್ದರೆ, ಸೋಂಕು ಬಂದದ್ದು ಗಂಡಸರಿಗೆ ಅಥವಾ ಚಿಕ್ಕ ಮಕ್ಕಳಿಗಾದರೆ, ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಮಾತ್ರೆ ಶುರುಮಾಡಿ ಎರಡು ಮೂರು ದಿನವಾದರೂ ಉರಿ ಹಾಗೇ ಇದ್ದರೆ ಕಲ್ಚರ್ ರಿಪೋರ್ಟ್ ಹಿಡಿದು ಮತ್ತೆ ಹೋಗಿ, ಹಳೆಯ ಚೀಟಿಯ ಮಾತ್ರೆಯನ್ನೇ ಇನ್ನೊಂದು ಪಟ್ಟಿ ತರಬೇಡಿ.